ಚಾರ್ಟ್ ಪೂರ್ತಿ ತುಂಬಿದ್ದೆ, ಆದರೂ ಗೊತ್ತಾಗಲಿಲ್ಲ ಯಾಕೆ?

ಪ್ರಶ್ನೆ: ನರ್ಸಿಂಗ್ ಮುಗಿಸಿ ಸರ್ಜಿಕಲ್ ವಾರ್ಡ್‌ಗೆ ಸೇರಿ ಐದು ತಿಂಗಳಾಯಿತು. ಹೋದ ವಾರ ನೈಟ್ ಡ್ಯೂಟಿಯಲ್ಲಿ, ಹಿಂದಿನ ದಿನವಷ್ಟೇ ಹೊಟ್ಟೆಯ ಆಪರೇಷನ್ ಆಗಿದ್ದ 46 ವರ್ಷದವರೊಬ್ಬರು ನನ್ನ ಪಾಲಿಗಿದ್ದರು. ರಾತ್ರಿ 10ಕ್ಕೆ ಪಲ್ಸ್ 84, ಬಿಪಿ 126/74. 12ಕ್ಕೆ ಪಲ್ಸ್ 96, ಬಿಪಿ 120/80. 2ಕ್ಕೆ ಪಲ್ಸ್ 108, ಬಿಪಿ 114/88. ಉಸಿರು ಮೂರು ಸಲವೂ 20, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 97, ಜ್ವರ ಇಲ್ಲ. ಗಾಬರಿಪಡುವಂಥದ್ದು ಏನೂ ಕಾಣಲಿಲ್ಲ. ಎರಡೂವರೆಗೆ ರೌಂಡ್ಸ್ ಬಂದ ಸೀನಿಯರ್ ಸಿಸ್ಟರ್ ಬಾಗಿಲಲ್ಲೇ ನಿಂತು "ಇವರು ಸರಿಯಿಲ್ಲ, ಡಾಕ್ಟರನ್ನು ಕರಿ" ಎಂದರು. ಡಾಕ್ಟರ್ ಬರುವಷ್ಟರಲ್ಲಿ ಮೇಲಿನ ಬಿಪಿ 82ಕ್ಕೆ ಬಿದ್ದಿತ್ತು. ಒಳಗೆ ರಕ್ತಸ್ರಾವ, ಮತ್ತೆ ಥಿಯೇಟರ್. ಈಗ ಚೇತರಿಸಿಕೊಂಡಿದ್ದಾರೆ. ಅವರಿಗೆ ಬಾಗಿಲಿಂದಲೇ ಕಂಡದ್ದು ಪಕ್ಕದಲ್ಲೇ ಇದ್ದ ನನಗೆ ಯಾಕೆ ಕಾಣಲಿಲ್ಲ? ಪರೀಕ್ಷೆಯಲ್ಲೂ "ನಾಲ್ವರಲ್ಲಿ ಮೊದಲು ಯಾರನ್ನು ನೋಡುತ್ತೀರಿ" ಎಂಬ ಪ್ರಶ್ನೆ ಬಂದರೆ ಎಡವುತ್ತಿದ್ದೆ. ಇದೆಲ್ಲ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೇ ಬರುವುದೋ, ಈಗಲೇ ಕಲಿಯಲು ದಾರಿಯಿದೆಯೋ? ಅನುಮಾನಕ್ಕೆಂದು ಡಾಕ್ಟರನ್ನು ಎಬ್ಬಿಸಿ, ಕೊನೆಗೆ ಏನೂ ಇಲ್ಲ ಎಂದಾದರೆ?

ಉತ್ತರ: ಅವರು ಚೇತರಿಸಿಕೊಂಡಿದ್ದಾರೆ ಎಂದು ಓದಿ ಸಮಾಧಾನವಾಯಿತು. ಹಾಗಾಗಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ನಿಮಗೆ ಕಾಣಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಂಡಿದೆ, ನಿಮ್ಮ ಕೈಯಾರೆ ಬರೆದೂ ಇದ್ದೀರಿ. ಬರೆದದ್ದನ್ನು ಓದಿಲ್ಲ.

ಆ ಮೂರು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಪಲ್ಸ್ 84, 96, 108: ಎರಡು ಗಂಟೆಗೊಮ್ಮೆ ಹನ್ನೆರಡರಂತೆ ಏರಿದೆ. ಮೇಲಿನ ಬಿಪಿ 126, 120, 114: ಇಳಿಯುತ್ತಿದೆ. ಕೆಳಗಿನದು 74, 80, 88: ಏರುತ್ತಿದೆ. ಎರಡರ ನಡುವಿನ ಅಂತರ, ಅಂದರೆ ಪಲ್ಸ್ ಪ್ರೆಷರ್, 52 ಇದ್ದದ್ದು 40 ಆಗಿ, ಬಳಿಕ 26ಕ್ಕೆ ಬಂದಿದೆ. ಈ ಅಂತರ ಕಿರಿದಾಗುವುದು ಸುಮ್ಮನೆ ಅಲ್ಲ. ರಕ್ತ ಒಳಗೊಳಗೇ ಸೋರುವಾಗ ಹೃದಯದ ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾಗುತ್ತದೆ, ಅದಕ್ಕೇ ಮೇಲಿನ ಅಂಕಿ ತಗ್ಗುತ್ತದೆ. ದೇಹ ಕೈಕಟ್ಟಿ ಕೂರುವುದಿಲ್ಲ. ಚರ್ಮ, ಕೈಕಾಲು, ಕರುಳಿನ ರಕ್ತನಾಳಗಳನ್ನು ಬಿಗಿಹಿಡಿದು ಇರುವ ರಕ್ತವನ್ನು ಮಿದುಳಿಗೂ ಹೃದಯಕ್ಕೂ ಉಳಿಸುತ್ತದೆ, ಆ ಬಿಗಿತಕ್ಕೆ ಕೆಳಗಿನ ಅಂಕಿ ಏರುತ್ತದೆ. ಜೊತೆಗೆ ಹೃದಯ ಹೆಚ್ಚು ಸಲ ಬಡಿದು ಕೊರತೆ ತುಂಬುತ್ತದೆ. ಆರೋಗ್ಯವಾಗಿದ್ದ ವಯಸ್ಕರಲ್ಲಿ ಈ ಸರಿದೂಗಿಸುವಿಕೆ ಎಷ್ಟು ಚೆನ್ನಾಗಿ ನಡೆಯುತ್ತದೆಂದರೆ, ಮೈಯ ರಕ್ತದಲ್ಲಿ ಶೇ 30ರಷ್ಟು ಹೋಗುವವರೆಗೂ ಮೇಲಿನ ಬಿಪಿ ಸುಮಾರಾಗಿ ನಿಂತೇ ಇರಬಹುದು. 70 ಕಿಲೋ ತೂಕದವರಲ್ಲಿ ರಕ್ತ ಸುಮಾರು 5 ಲೀಟರ್ ಎಂದಿಟ್ಟುಕೊಳ್ಳಿ. ಅಂದರೆ ಒಂದೂವರೆ ಲೀಟರ್ ಹೋದ ಮೇಲೆ ಬಿಪಿ ಕೈಬಿಡುತ್ತದೆ. ಬಿಪಿ ಬಿದ್ದಾಗ ಎಚ್ಚೆತ್ತುಕೊಳ್ಳುತ್ತೇನೆ ಎನ್ನುವ ನರ್ಸ್ ಆ ಒಂದೂವರೆ ಲೀಟರಿನಷ್ಟು ತಡವಾಗಿರುತ್ತಾಳೆ.

ಇನ್ನೊಂದು ಸುಲಭದ ಲೆಕ್ಕವಿದೆ. ಪಲ್ಸನ್ನು ಮೇಲಿನ ಬಿಪಿಯಿಂದ ಭಾಗಿಸಿ. ಇದಕ್ಕೆ ಶಾಕ್ ಇಂಡೆಕ್ಸ್ ಎನ್ನುತ್ತಾರೆ, ಶಾಕ್ ಎಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 0.5ರಿಂದ 0.7ರೊಳಗೆ ಇರುತ್ತದೆ. ನಿಮ್ಮ ರೋಗಿಯದು 0.67, 0.8, 0.95. ಮಧ್ಯರಾತ್ರಿಗೇ ಗೆರೆ ದಾಟಿತ್ತು.

ಈಗ ಉಸಿರಿನ ವಿಷಯ. ಮೂರು ಸಲವೂ 20. ಬೇಜಾರಾಗಬೇಡಿ, ನೀವು ಎಣಿಸಿರಲಿಕ್ಕಿಲ್ಲ ಎಂದೇ ನನ್ನ ಅನುಮಾನ. ಪಲ್ಸ್ 84ರಿಂದ 108ಕ್ಕೆ ಏರಿದ ಮನುಷ್ಯನ ಉಸಿರು ನಾಲ್ಕು ಗಂಟೆ ಕದಲದೆ 20ರಲ್ಲೇ ನಿಂತಿರುವುದು ಅಪರೂಪ. ಬಿಪಿ, ಪಲ್ಸ್, ಸ್ಯಾಚುರೇಷನ್ನನ್ನು ಮೆಷಿನ್ ಕೊಡುತ್ತದೆ. ಉಸಿರನ್ನು ಮಾತ್ರ ನಾವೇ ಕೂತು ಎಣಿಸಬೇಕು, ಆದ್ದರಿಂದ ಲೋಕದ ಎಲ್ಲ ವಾರ್ಡ್‌ಗಳಲ್ಲೂ ಅದು 18 ಅಥವಾ 20 ಆಗಿಬಿಡುತ್ತದೆ. ದುರಂತವೆಂದರೆ ರೋಗಿ ಕೆಡುತ್ತಿರುವುದನ್ನು ಎಲ್ಲಕ್ಕಿಂತ ಮೊದಲು ಹೇಳುವ ಅಂಕಿಗಳಲ್ಲಿ ಅದೇ ಒಂದು. ಪೂರ್ತಿ 60 ಸೆಕೆಂಡ್ ಎಣಿಸಿ. ಪಲ್ಸ್ ನೋಡಿದ ಮೇಲೂ ಮಣಿಕಟ್ಟಿನಿಂದ ಬೆರಳು ತೆಗೆಯದೆ, ಇನ್ನೂ ಪಲ್ಸ್ ಎಣಿಸುತ್ತಿದ್ದೀರೇನೋ ಎಂಬಂತೆ ನಿಂತು ಎದೆಯ ಏರಿಳಿತ ನೋಡಿ. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಯಾರ ಉಸಿರೂ ಸಹಜವಾಗಿರುವುದಿಲ್ಲ.

ಇಷ್ಟಕ್ಕೆಲ್ಲ ಸ್ಕೋರ್ ಇದೆಯಲ್ಲ ಎನ್ನಬಹುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್-2 ಎಂಬ ಸ್ಕೋರ್ ಅನೇಕ ಕಡೆ ಬಳಕೆಯಲ್ಲಿದೆ. ಉಸಿರು, ಸ್ಯಾಚುರೇಷನ್, ಆಕ್ಸಿಜನ್ ಕೊಡುತ್ತಿದ್ದೇವೆಯೇ, ಮೇಲಿನ ಬಿಪಿ, ಪಲ್ಸ್, ಪ್ರಜ್ಞೆ, ಜ್ವರ, ಇವಕ್ಕೆ ಅಂಕ ಹಾಕಿ ಕೂಡುತ್ತಾರೆ. ಮೊತ್ತ 5 ಆದರೆ ತುರ್ತಾಗಿ ಡಾಕ್ಟರ್ ನೋಡಬೇಕು, 7 ಆದರೆ ಎಮರ್ಜೆನ್ಸಿ. ನಿಮ್ಮ ಎರಡು ಗಂಟೆಯ ಅಂಕಿಗಳಿಗೆ ಹಾಕಿ ನೋಡಿದೆ. ಪಲ್ಸ್ 108ಕ್ಕೆ 1, ಮಿಕ್ಕ ಎಲ್ಲಕ್ಕೂ ಸೊನ್ನೆ. ಮೊತ್ತ 1. ಉಸಿರು ನಿಜಕ್ಕೂ 24 ಇತ್ತು ಎಂದುಕೊಂಡರೂ 3 ಬರುತ್ತದೆ, 5 ಮುಟ್ಟುವುದಿಲ್ಲ. ಸ್ಕೋರ್‌ಗೆ ಆ ಕ್ಷಣ ಮಾತ್ರ ಗೊತ್ತು, ಹತ್ತು ಗಂಟೆಗೆ ಏನಿತ್ತು ಎಂದು ಅದು ಕೇಳುವುದಿಲ್ಲ, ಕೆಳಗಿನ ಬಿಪಿಯನ್ನಂತೂ ನೋಡುವುದೇ ಇಲ್ಲ. ಸ್ಕೋರ್ ಹೆಚ್ಚು ಬಂದರೆ ಎದುರಾಡದೆ ಕರೆಯಿರಿ. ಕಡಿಮೆ ಬಂತೆಂದು ಸುಮ್ಮನಿರುವುದು ಮಾತ್ರ ಬೇಡ.

ನಿಮ್ಮ ಸೀನಿಯರ್ ಬಾಗಿಲಲ್ಲಿ ನಿಂತು ಕಂಡದ್ದೇನು? ನಾನು ಅಲ್ಲಿರಲಿಲ್ಲ, ಆದರೆ ಊಹಿಸಬಲ್ಲೆ. ರಾತ್ರಿ ಎರಡೂವರೆಗೆ, ನೋವಿನ ಇಂಜೆಕ್ಷನ್ ಆದ ಮೊದಲ ದಿನದ ರೋಗಿ ಮಂಪರಿನಲ್ಲಿರಬೇಕು. ಇವರು ಎಚ್ಚರವಾಗಿ ಮಗ್ಗುಲು ಬದಲಿಸುತ್ತಿದ್ದಿರಬೇಕು, ಹೊದಿಕೆ ಕಿತ್ತು ಎಸೆದಿರಬೇಕು, ಮೇಲ್ತುಟಿಯ ಮೇಲೆ ಬೆವರು, ಮುಖ ಬಿಳಿಚಿದೆ, ನೀರು ನೀರು ಎನ್ನುತ್ತಿದ್ದಾರೆ. ಇದರಲ್ಲಿ ಮಾಯಮಂತ್ರವಿಲ್ಲ. ಅವರ ತಲೆಯಲ್ಲಿ "ಈ ಹೊತ್ತಿಗೆ ಇಂಥ ರೋಗಿ ಹೀಗಿರಬೇಕು" ಎಂಬ ಚಿತ್ರ ಮೊದಲೇ ಇತ್ತು, ಕಣ್ಣೆದುರಿನ ಮನುಷ್ಯ ಆ ಚಿತ್ರಕ್ಕೆ ಹೊಂದಲಿಲ್ಲ. ಅಷ್ಟೇ ನಡೆದದ್ದು. ಕ್ರಿಸ್ಟೀನ್ ಟ್ಯಾನರ್ ಎಂಬ ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ 2006ರಲ್ಲಿ ಈ ಯೋಚನೆಯ ನಾಲ್ಕು ಮಜಲುಗಳನ್ನು ಬಿಡಿಸಿಟ್ಟರು: ಗಮನಿಸುವುದು, ಅರ್ಥ ಕಟ್ಟುವುದು, ಸ್ಪಂದಿಸುವುದು, ಆಮೇಲೆ ಹಿಂತಿರುಗಿ ನೋಡುವುದು. ಗಮನಿಸುವುದು ಕಣ್ಣಿನಿಂದ ಶುರುವಾಗುವುದಿಲ್ಲ, ನಿರೀಕ್ಷೆಯಿಂದ ಶುರುವಾಗುತ್ತದೆ ಎನ್ನುವುದು ಅವರ ಮಾತಿನ ಹುರುಳು. ನಾನು ನಿಮಗೆ ಹೇಳಬೇಕಾದದ್ದೂ ಇಷ್ಟೇ, ಮುಂದಿನದೆಲ್ಲ ಇದರ ವಿಸ್ತರಣೆ: ರೋಗಿಯ ಹತ್ತಿರ ಹೋಗುವ ಮುಂಚೆ ಏನು ಕಾಣಬೇಕು ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಹಾಗೆ ಹೇಳಿಕೊಳ್ಳದೆ ಹೋದರೆ 108 ಎಂಬುದು ಬರೀ 108.

ನಿರೀಕ್ಷೆಯೇ ತಪ್ಪಾದರೆ? ಆಗುತ್ತದೆ. ನನ್ನದೇ ಒಂದು ಕಥೆ ಹೇಳುತ್ತೇನೆ, ಇವತ್ತಿಗೂ ನೆನೆದರೆ ಹೊಟ್ಟೆ ಚುರ್ ಎನ್ನುತ್ತದೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಮೊಣಕಾಲ ಕೆಳಗಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಇಪ್ಪತ್ತರ ಹುಡುಗ. ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಕೊಟ್ಟವರು "ಇವನು ಸ್ವಲ್ಪಕ್ಕೇ ಕೂಗಾಡ್ತಾನೆ" ಎಂದರು. ಆ ಒಂದು ಮಾತು ನನ್ನ ಕಣ್ಣಿಗೆ ಕಟ್ಟಿದ ಪಟ್ಟಿಯಾಯಿತು. ರಾತ್ರಿಯಿಡೀ ನೋವು ನೋವು ಎಂದ. ಇಂಜೆಕ್ಷನ್ ಕೊಟ್ಟೆ, ಅರ್ಧ ಗಂಟೆಗೆ ಮತ್ತೆ ಕೂಗಿದ. ಬೆರಳು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಪಾದದ ಪಲ್ಸ್ ಸಿಕ್ಕಿತು. "ರಕ್ತಸಂಚಾರ ಸರಿಯಿದೆ" ಎಂದು ಬರೆದು ಮುಂದಿನ ಬೆಡ್‌ಗೆ ಹೋದೆ. ಬೆಳಿಗ್ಗೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದು ಕಾಲನ್ನು ಉದ್ದಕ್ಕೆ ಸೀಳಿ ಒಳಗಿನ ಒತ್ತಡ ಇಳಿಸಬೇಕಾಯಿತು. ಕಾಲು ಉಳಿಯಿತು, ಪಾದ ಎತ್ತುವ ಶಕ್ತಿ ಪೂರ್ತಿ ಮರಳಲಿಲ್ಲ. ಸ್ನಾಯುಗಳ ಸುತ್ತಲಿನ ಬಿಗಿಪೊರೆಯೊಳಗೆ ಒತ್ತಡ ಏರಿದಾಗ ಸಣ್ಣ ರಕ್ತನಾಳಗಳು ಮೊದಲು ಮುಚ್ಚಿಹೋಗುತ್ತವೆ, ದೊಡ್ಡ ಧಮನಿಯಲ್ಲಿ ಪಲ್ಸ್ ಕೊನೆಯವರೆಗೂ ಸಿಗುತ್ತಲೇ ಇರುತ್ತದೆ. ಅಂದರೆ ನಾನು ಕೊನೆಗೆ ಹೋಗುವ ಲಕ್ಷಣವನ್ನು ಹಿಡಿದು ಸಮಾಧಾನಪಟ್ಟಿದ್ದೆ. ಕೇಳಬೇಕಿದ್ದ ಪ್ರಶ್ನೆ ಬೇರೆ: ಪ್ಲಾಸ್ಟರ್ ಹಾಕಿ, ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಬೇಕಿತ್ತು, ಏರುತ್ತಿರುವುದೇಕೆ? ಕಾಲ್ಬೆರಳನ್ನು ನಾನೇ ಮೆಲ್ಲಗೆ ಕೆಳಕ್ಕೆ ಬಾಗಿಸಿದ್ದರೆ ಅವನು ಚೀರುತ್ತಿದ್ದ, ಉತ್ತರ ಅಲ್ಲೇ ಸಿಗುತ್ತಿತ್ತು. ಅಂದಿನಿಂದ ಒಂದು ಪಾಠ ಇಟ್ಟುಕೊಂಡಿದ್ದೇನೆ. ಹ್ಯಾಂಡೋವರ್‌ನಲ್ಲಿ ರೋಗಿಯ ಸ್ವಭಾವದ ಬಗ್ಗೆ ಹೇಳಿದ್ದನ್ನು ಬರೆದುಕೊಳ್ಳುವುದಿಲ್ಲ.

ಇನ್ನು ನಿಮ್ಮ ಪರೀಕ್ಷೆಯ ಪ್ರಶ್ನೆ. ನಾಲ್ವರನ್ನು ನಾನೇ ಕೊಡುತ್ತೇನೆ. ಒಬ್ಬರು, ಹಳೆಯ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ), ಸಣ್ಣಗೆ ಆಕ್ಸಿಜನ್ ಹರಿಯುತ್ತಿದೆ, ಸ್ಯಾಚುರೇಷನ್ 90, ಕೂತು ಪೇಪರ್ ಓದುತ್ತಿದ್ದಾರೆ. ಇನ್ನೊಬ್ಬರು, ನಿನ್ನೆ ಆಪರೇಷನ್ ಆದವರು, ನೋವು ಹತ್ತಕ್ಕೆ ಏಳು ಎನ್ನುತ್ತಿದ್ದಾರೆ. ಮೂರನೆಯವರು ಸಕ್ಕರೆ ಕಾಯಿಲೆಯವರು, ಬೇಗ ಕೆಲಸ ಮಾಡುವ ಇನ್ಸುಲಿನ್ ಕೊಟ್ಟು ನಲವತ್ತು ನಿಮಿಷವಾಯಿತು, ಊಟ ಇನ್ನೂ ಬಂದಿಲ್ಲ, "ಯಾಕೋ ನಿದ್ದೆ ಬರ್ತಿದೆ" ಎಂದು ಮಲಗಿದ್ದಾರೆ. ನಾಲ್ಕನೆಯವರು ತೊಡೆಮೂಳೆಯ ಆಪರೇಷನ್ ಆಗಿ ನಾಳೆ ಮನೆಗೆ ಹೊರಟಿರುವ 78ರ ಅಜ್ಜಿ, ಜ್ವರವಿಲ್ಲ, ಬೆಳಿಗ್ಗೆಯಿಂದ ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಿದ್ದಾರೆ.

ಕೈ ಮೊದಲು ಹೋಗುವುದು 90ರ ಕಡೆಗೆ, ಕಿವಿ ಹೋಗುವುದು ನೋವಿನ ಕಡೆಗೆ. ಎರಡೂ ಬೇಡ. ಸಿಒಪಿಡಿ ಇರುವ, ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ಉಳಿಯುವ ಅಪಾಯವಿರುವ ರೋಗಿಗೆ ಸ್ಯಾಚುರೇಷನ್ ಗುರಿಯೇ 88ರಿಂದ 92. ಪೇಪರ್ ಓದುತ್ತಿದ್ದಾರೆ ಎಂದರೆ ಉಸಿರಿಗೆ ಒದ್ದಾಡುತ್ತಿಲ್ಲ, ಅವರು ಇರಬೇಕಾದಂತೆಯೇ ಇದ್ದಾರೆ. 98 ಮಾಡುತ್ತೇನೆಂದು ಆಕ್ಸಿಜನ್ ತಿರುವಿದರೆ ಅವರಿಗೆ ಕೆಡುಕಾದೀತು. ನಿನ್ನೆಯ ಆಪರೇಷನ್‌ಗೆ ಇವತ್ತು ನೋವಿರುವುದು ನಿರೀಕ್ಷಿತ. ಬೇಗ ನೋಡಬೇಕು, ಆದರೆ ಹತ್ತು ನಿಮಿಷ ತಡೆಯುತ್ತದೆ. ಮೂರನೆಯವರ ನಿದ್ದೆ ಮಾತ್ರ ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. ಇನ್ಸುಲಿನ್ ಕೆಲಸ ಶುರುಮಾಡಿದೆ, ಹೊಟ್ಟೆಗೆ ಏನೂ ಬಿದ್ದಿಲ್ಲ. ನಿಮಿಷಗಳಲ್ಲಿ ಕೈಮೀರುವ, ಆದರೆ ನಿಮಿಷಗಳಲ್ಲೇ ಸರಿಪಡಿಸಬಹುದಾದ ಸ್ಥಿತಿ ಅದು. ಮೊದಲು ಅಲ್ಲಿಗೆ, ಗ್ಲುಕೋಮೀಟರ್ ಕೈಯಲ್ಲಿ ಹಿಡಿದೇ ಹೋಗಿ. ಶುಗರ್ 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು ನುಂಗಬಲ್ಲರಾದರೆ 15 ಗ್ರಾಂ ಗ್ಲುಕೋಸ್ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡುವುದು. ಮಂಪರು ಜಾಸ್ತಿಯಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಸಹಾಯಕ್ಕೆ ಕೂಗಿ ಡ್ರಿಪ್‌ನಲ್ಲಿ ಡೆಕ್ಸ್ಟ್ರೋಸ್ ಕೊಡುವ ಏರ್ಪಾಡಾಗಬೇಕು. ಇವರು ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎದೆಬಡಿತ, ಕೈನಡುಕ ಕಾಣಿಸಿಕೊಳ್ಳದೇ ಇರಬಹುದು. ಬೆವರು ಮಾತ್ರ ಬರುತ್ತದೆ, ಹಣೆ ಮುಟ್ಟಿ ನೋಡಿ.

ಎರಡನೆಯದಾಗಿ ಅಜ್ಜಿ. ಇಲ್ಲಿ ಹೆಚ್ಚಿನ ಹೊಸಬರು ಸೋಲುತ್ತಾರೆ, ಅನುಭವಸ್ಥರೂ ಸೋಲುತ್ತಾರೆ. "ವಯಸ್ಸಾಯ್ತಲ್ಲ, ಅರಳುಮರಳು" ಎಂದು ನಕ್ಕು ಸುಮ್ಮನಾಗುತ್ತಾರೆ. ನಿನ್ನೆ ಸರಿಯಾಗಿ ಮಾತಾಡಿದವರು ಇವತ್ತು ತಡವರಿಸಿದರೆ ಅದು ವಯಸ್ಸಲ್ಲ. ವಯಸ್ಸು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಹಠಾತ್ತನೆ ಬಂದ ಗೊಂದಲಕ್ಕೆ ಡೆಲಿರಿಯಮ್ ಎನ್ನುತ್ತಾರೆ. ಅದರ ಹಿಂದೆ ಸೋಂಕು, ಆಕ್ಸಿಜನ್ ಕೊರತೆ, ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ಸೋಡಿಯಂ ಏರುಪೇರು, ಹೊಸದಾಗಿ ಶುರುಮಾಡಿದ ಮಾತ್ರೆ, ಹೇಳಿಕೊಳ್ಳಲಾಗದ ನೋವು, ಇವುಗಳಲ್ಲಿ ಏನೋ ಒಂದು ಇರುತ್ತದೆ, ಎಷ್ಟೋ ಸಲ ಎರಡು ಮೂರು ಸೇರಿರುತ್ತವೆ. ನ್ಯೂಸ್-2ರಲ್ಲಿ ಹೊಸ ಗೊಂದಲವೊಂದಕ್ಕೇ 3 ಅಂಕ ಕೊಟ್ಟಿರುವುದು ಇದಕ್ಕೇ. ಜ್ವರವಿಲ್ಲ ಎಂಬ ಸಮಾಧಾನವೂ ಬೇಡ. ಮುಪ್ಪಿನಲ್ಲಿ ಗಂಭೀರ ಸೋಂಕಿದ್ದರೂ ಮೈ ಬಿಸಿಯಾಗದೇ ಇರಬಹುದು, ಹೃದಯಾಘಾತ ಎದೆನೋವೇ ಇಲ್ಲದೆ ಬರಬಹುದು. ಕೂಗಾಡುವ ಡೆಲಿರಿಯಮ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಗೋಡೆ ಕಡೆ ತಿರುಗಿ ಮಲಗಿ, ಊಟ ಬೇಡವೆಂದು, ಯಾರಿಗೂ ತೊಂದರೆ ಕೊಡದೆ ಇರುವ "ಒಳ್ಳೆಯ ರೋಗಿ"ಯಲ್ಲಿ ಇರುವುದೇ ಹೆಚ್ಚು, ತಪ್ಪಿಹೋಗುವುದೂ ಅದೇ. ವರ್ಷದ ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಲು ಕೇಳಿ. ಎರಡು ನಿಮಿಷದ ಕೆಲಸ, ಗಮನ ಹಿಡಿದಿಡಲು ಆಗುತ್ತಿದೆಯೇ ಎಂಬುದು ತಿಳಿದುಬಿಡುತ್ತದೆ.

ಆಮೇಲೆ ನೋವಿನವರು, ಕೊನೆಗೆ ಪೇಪರ್ ಓದುವವರು. ಪಠ್ಯದಲ್ಲಿ ಶ್ವಾಸಮಾರ್ಗ, ಉಸಿರು, ರಕ್ತಸಂಚಾರ ಎಂಬ ಕ್ರಮ ಕಲಿಸುತ್ತಾರಲ್ಲ, ಅದು ತಪ್ಪಲ್ಲ, ಎದುರಿಗೊಬ್ಬ ಕುಸಿದು ಬಿದ್ದಾಗ ಅದೇ ಕ್ರಮ. ನಾಲ್ವರ ನಡುವೆ ಆರಿಸುವಾಗ ಅದನ್ನು ಕುರುಡಾಗಿ ಹಾಕಿದರೆ ಉಸಿರಿನ ಕಾಯಿಲೆಯವರೇ ಸದಾ ಮೊದಲಾಗುತ್ತಾರೆ. ಹಳೆಯದೋ ಹೊಸದೋ, ಈ ಕಾಯಿಲೆಗೆ ಇದು ಇರಬೇಕಾದದ್ದೋ ಅಲ್ಲವೋ, ತಡವಾದರೆ ಎಷ್ಟು ಬೇಗ ಕೈಮೀರುತ್ತದೆ, ಈ ಮೂರನ್ನು ಕೇಳಿಕೊಂಡರೆ ಬಹುಪಾಲು ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ.

ಮಕ್ಕಳ ವಾರ್ಡ್‌ಗೆ ಹೋದ ದಿನ ಈ ನಿರೀಕ್ಷೆಗಳನ್ನೆಲ್ಲ ಬಾಗಿಲಲ್ಲೇ ಬಿಟ್ಟು ಹೊಸದು ತೊಟ್ಟುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವೇಗದ ಉಸಿರು ಎಂದರೆ ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಮಗು ಅಳದೆ ಇರುವಾಗ ಎಣಿಸಬೇಕು. ಆದರೆ ಮಕ್ಕಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಏರಿದ ಅಂಕಿಗಿಂತ ಇದ್ದಕ್ಕಿದ್ದಂತೆ ಇಳಿದ ಅಂಕಿ. ಸಂಜೆ 64 ಇದ್ದ ಉಸಿರು ರಾತ್ರಿ 32ಕ್ಕೆ ಬಂತು ಎಂದುಕೊಳ್ಳಿ. ಚಾರ್ಟ್ ನೋಡಿದವರು ವಾಸಿಯಾಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಮಗು ಆಟಕ್ಕೆ ಬಿದ್ದಿದೆ, ಹಾಲು ಕುಡಿಯುತ್ತಿದೆ ಎಂದರೆ ಹೌದು, ವಾಸಿಯೇ. ಕಣ್ಣು ಅರೆ ಮುಚ್ಚಿದೆ, ಸೂಜಿ ಚುಚ್ಚಿದರೂ ಅಳುವುದಿಲ್ಲ, ಪಕ್ಕೆ ಇನ್ನೂ ಒಳಕ್ಕೆ ಸೆಳೆಯುತ್ತಿದೆ ಎಂದರೆ ಅದು ಉಸಿರಾಡಿ ಉಸಿರಾಡಿ ಸೋತುಹೋಗಿದೆ. ಆಸ್ತಮಾದಲ್ಲೂ ಇದೇ: ಸುಂಯ್‌ಗುಟ್ಟುತ್ತಿದ್ದ ಎದೆ ನಿಶ್ಶಬ್ದವಾದರೆ, ಮಾತಾಡಲೂ ಆಗದ ರೋಗಿ ಸುಮ್ಮನಾದರೆ, ಗಾಳಿಯೇ ಒಳಹೊರಗೆ ಆಗುತ್ತಿಲ್ಲ ಎಂದರ್ಥ. ಮಗುವಿನ ಬಿಪಿ ಬೀಳುವುದನ್ನು ಕಾಯುತ್ತ ಕೂರಬಾರದು, ಬಹಳ ತಡವಾಗಿ ಬೀಳುತ್ತದೆ. ಎದೆಯ ಮೇಲೆ ಬೆರಳೊತ್ತಿ ಬಿಟ್ಟಾಗ ಬಣ್ಣ ಎರಡು ಸೆಕೆಂಡಿನೊಳಗೆ ಮರಳುತ್ತದೆಯೇ, ಕೈಕಾಲು ತಣ್ಣಗಿದೆಯೇ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಇದನ್ನು ಕೇಳಿ.

ಹೆರಿಗೆ ವಾರ್ಡ್‌ನಲ್ಲಿ ನಿಮ್ಮ ಆ ರಾತ್ರಿಯ ಕಥೆಯೇ ಇನ್ನೂ ವೇಗವಾಗಿ ನಡೆಯುತ್ತದೆ. ಬಾಣಂತಿಯರು ವಯಸ್ಸಿನಲ್ಲಿ ಚಿಕ್ಕವರು, ಗರ್ಭಿಣಿಯಾಗಿದ್ದಾಗ ರಕ್ತದ ಪ್ರಮಾಣವೂ ಹೆಚ್ಚಿರುತ್ತದೆ, ಹಾಗಾಗಿ ಬಿಪಿ ಇನ್ನೂ ಹೆಚ್ಚು ಹೊತ್ತು ಮೋಸ ಮಾಡುತ್ತದೆ. ಅಲ್ಲಿ ಶಾಕ್ ಇಂಡೆಕ್ಸ್ 0.9 ದಾಟಿದರೆ ಎಚ್ಚರಿಕೆ ಗಂಟೆ. ಪ್ಯಾಡ್ ನೋಡಿ ಅಂದಾಜು ಮಾಡಬೇಡಿ, ತೂಕ ಹಾಕಿ, ಒಂದು ಗ್ರಾಂ ಹೆಚ್ಚಿದರೆ ಒಂದು ಎಂಎಲ್ ರಕ್ತ. ಬೆನ್ನಿನಡಿ ಕೈಹಾಕಿ ನೋಡಿ, ಹಾಸಿಗೆಯಲ್ಲಿ ಮಡುಗಟ್ಟಿರುತ್ತದೆ. ಹೊಕ್ಕುಳ ಬಳಿ ಗಟ್ಟಿಯಾಗಿ ಸಿಗಬೇಕಾದ ಗರ್ಭಕೋಶ ಮೆತ್ತಗಿದ್ದರೆ ಅಲ್ಲೇ ತಿಕ್ಕಲು ಶುರುಮಾಡಿ, ಅಲ್ಲಿಂದಲೇ ಸಹಾಯಕ್ಕೆ ಕೂಗಿ. ಮೇಲಕ್ಕೆ ಸರಿದು ಒಂದು ಪಕ್ಕಕ್ಕೆ ವಾಲಿದ್ದರೆ ಮೂತ್ರಕೋಶ ತುಂಬಿದೆಯೇ ನೋಡಿ.

ಮೆಷಿನ್‌ಗಳ ಬಗ್ಗೆ ಒಂದು ಮಾತು. ಬೆರಳಿಗೆ ಹಾಕುವ ಆಕ್ಸಿಮೀಟರ್ ತಣ್ಣನೆಯ ಕೈಯಲ್ಲಿ, ಬಣ್ಣ ಹಚ್ಚಿದ ಉಗುರಿನಲ್ಲಿ ತಪ್ಪಬಹುದು. ಬೆಂಕಿ ಅನಾಹುತದಲ್ಲಿ ಹೊಗೆ ಕುಡಿದು ಬಂದವರಲ್ಲಿ ಕಾರ್ಬನ್ ಮಾನಾಕ್ಸೈಡನ್ನೂ ಆಕ್ಸಿಜನ್ ಎಂದೇ ಓದಿ 99 ತೋರಿಸುತ್ತದೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯಿದೆ ಎಂಬುದು 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಬಳಿಕ ದೊಡ್ಡ ಚರ್ಚೆಯಾಯಿತು. ಇನ್ನೊಂದು, ಆಕ್ಸಿಜನ್ ಹಾಕಿಕೊಂಡ ರೋಗಿಯ ಸ್ಯಾಚುರೇಷನ್ 97 ಎಂದು ಬರೆದರೆ ಎಷ್ಟು ಲೀಟರಿಗೆ 97 ಎಂದೂ ಬರೆಯಬೇಕು. ಎರಡು ಲೀಟರಿನ 97, ಹತ್ತು ಲೀಟರಿನ 97 ಎರಡೂ ಒಂದೇ ರೋಗಿಯಲ್ಲ.

ಕಲಿಯುವುದು ಹೇಗೆ ಎಂದು ಕೇಳಿದ್ದೀರಿ. ವರ್ಷಗಳು ಕಳೆದರೆ ತಾನಾಗಿ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಇಪ್ಪತ್ತು ವರ್ಷ ಚಾರ್ಟ್ ತುಂಬಿಯೂ ಚಾರ್ಟ್ ತುಂಬುವವರಾಗಿಯೇ ಉಳಿದವರನ್ನು ಕಂಡಿದ್ದೇನೆ. ನಾನು ಹೊಸಬರಿಗೆ ಮಾಡಿಸುವುದು ಇದು. ಹ್ಯಾಂಡೋವರ್ ಮುಗಿದ ಕೂಡಲೇ ಪ್ರತಿ ರೋಗಿಯ ಹೆಸರಿನ ಮುಂದೆ ಒಂದೇ ಸಾಲು ಬರೆಯಿರಿ: ಇನ್ನು ನಾಲ್ಕು ಗಂಟೆಯಲ್ಲಿ ಇವರು ಹೇಗಿರಬೇಕು, ಕೆಟ್ಟರೆ ಯಾವ ದಾರಿಯಲ್ಲಿ ಕೆಡುತ್ತಾರೆ. ನಿಮ್ಮ ಆ ರೋಗಿಗೆ ಹೀಗೆ ಬರೆದಿರುತ್ತಿದ್ದಿರಿ: "ನಿದ್ದೆ, ಪಲ್ಸ್ 80ರ ಆಸುಪಾಸು, ಗಂಟೆಗೆ ಕನಿಷ್ಠ 35 ಎಂಎಲ್ ಮೂತ್ರ, ಕೆಟ್ಟರೆ ರಕ್ತಸ್ರಾವ." 70 ಕಿಲೋದವರಿಗೆ ಕಿಲೋಗೆ ಅರ್ಧ ಎಂಎಲ್ ಲೆಕ್ಕದಲ್ಲಿ 35 ಬರುತ್ತದೆ. ಹಾಗೆ ಬರೆದಿದ್ದರೆ 12 ಗಂಟೆಯ 96 ನಿಮ್ಮನ್ನು ಚುಚ್ಚುತ್ತಿತ್ತು, ಯೂರಿನ್ ಬ್ಯಾಗ್ ಕಡೆ ಕಣ್ಣು ತಾನಾಗಿ ಹೋಗುತ್ತಿತ್ತು, ಹೊಟ್ಟೆ ಮುಟ್ಟಿ ಉಬ್ಬಿದೆಯೇ ನೋಡುತ್ತಿದ್ದಿರಿ, ಡ್ರೆಸಿಂಗ್ ಒಣಗಿದೆಯೆಂದು ಸುಮ್ಮನಾಗುತ್ತಿರಲಿಲ್ಲ. ಡ್ಯೂಟಿ ಮುಗಿಯುವಾಗ ಆ ಸಾಲಿನ ಪಕ್ಕ ನಿಜಕ್ಕೂ ಏನಾಯಿತು ಎಂದು ಬರೆಯಿರಿ. ಐಸಿಯುಗೆ ಹೋದವರ ಬಗ್ಗೆ ಮರುದಿನ ಹೋಗಿ ವಿಚಾರಿಸಿ. ನಮ್ಮ ಕೆಲಸದಲ್ಲಿ ಊಹೆ ಸರಿಯೋ ತಪ್ಪೋ ಎಂದು ತಿಳಿಯದೆಯೇ ಮನೆಗೆ ಹೋಗಿಬಿಡುತ್ತೇವೆ. ತಿಳಿಯದಿದ್ದರೆ ಚಿತ್ರ ತಿದ್ದಿಕೊಳ್ಳುವುದಾದರೂ ಹೇಗೆ? ಸೀನಿಯರ್ "ಇವರು ಸರಿಯಿಲ್ಲ" ಎಂದಾಗ "ಏನು ನೋಡಿ ಹೇಳಿದಿರಿ ಸಿಸ್ಟರ್?" ಎಂದು ಕೇಳಿ. ಮೊದಲಿಗೆ ಅವರಿಗೇ ಹೇಳಲು ಬರದಿರಬಹುದು, ಬಿಡಬೇಡಿ.

ರೋಗಿಯ ಜೊತೆಗಿರುವ ಮನೆಯವರ ಮಾತನ್ನು ಹಗುರ ಮಾಡಬೇಡಿ. ನಿಮಗೆ ರೋಗಿ ಪರಿಚಯವಾಗಿ ಎರಡು ದಿನ, ಅವರಿಗೆ ಮೂವತ್ತು ವರ್ಷ. ಇರಬೇಕಾದ ಚಿತ್ರ ಅವರ ಹತ್ತಿರ ನಿಮಗಿಂತ ಚೆನ್ನಾಗಿದೆ. "ಇವರು ಯಾವತ್ತೂ ಹೀಗಿರಲಿಲ್ಲ" ಎಂಬ ಮಾತೂ ಪಲ್ಸ್, ಬಿಪಿಯಂತೆ ಒಂದು ವೈಟಲ್ ಸೈನ್. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಎಂಬ 13ರ ಹುಡುಗಿ 2021ರಲ್ಲಿ ಸೆಪ್ಸಿಸ್‌ನಿಂದ (ಸೋಂಕಿಗೆ ಇಡೀ ದೇಹವೇ ಹದಗೆಡುವ ಸ್ಥಿತಿ) ತೀರಿಕೊಂಡಳು. ತಂದೆತಾಯಿ ಆತಂಕ ಹೇಳಿಕೊಂಡರೂ ಅದಕ್ಕೆ ಕಿವಿಗೊಡಲಿಲ್ಲ. 2024ರಿಂದ ಅಲ್ಲಿ ಅವಳ ಹೆಸರಿನಲ್ಲೇ ಒಂದು ನಿಯಮ ಜಾರಿಗೆ ಬಂದಿದೆ, ಮನೆಯವರೇ ನೇರವಾಗಿ ಬೇರೊಂದು ತಂಡವನ್ನು ಕರೆಸಿ ತಪಾಸಣೆ ಮಾಡಿಸಬಹುದು.

ಕೊನೆಯದಾಗಿ ಡಾಕ್ಟರನ್ನು ಎಬ್ಬಿಸುವ ಅಂಜಿಕೆ. 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ವಾರ್ಡ್ ರೋಗಿಗಳಿಗಾಗಿ ತುರ್ತು ತಂಡ ಕಟ್ಟಿದಾಗ, ಕರೆಯಲು ಸಾಕಾಗುವ ಕಾರಣಗಳ ಪಟ್ಟಿ ಮಾಡಿದರು. ಬಳಿಕ ಹಲವು ದೇಶಗಳಿಗೆ ಹರಡಿದ ಅಂಥ ಪಟ್ಟಿಗಳಲ್ಲಿ ಅಂಕಿಗಳ ಜೊತೆ "ಸಿಬ್ಬಂದಿಗೆ ಆತಂಕವಾಗಿದೆ" ಎಂಬುದೂ ಒಂದು ಕಾರಣ. ಆತಂಕಕ್ಕೇ ಕರೆಯಬಹುದು. ಆದರೆ ಫೋನಿನಲ್ಲಿ "ಸರ್, ಪೇಷೆಂಟ್ ಯಾಕೋ ಸರಿ ಕಾಣ್ತಿಲ್ಲ" ಎಂದಷ್ಟೇ ಹೇಳಿದರೆ ಅತ್ತ ಕಡೆ ನಿದ್ದೆಗಣ್ಣಿನವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹೀಗೆ ಹೇಳಿ ನೋಡಿ: "ಸರ್, ಸರ್ಜಿಕಲ್ ವಾರ್ಡ್ ಹನ್ನೊಂದನೇ ಬೆಡ್, ನಿನ್ನೆ ಹೊಟ್ಟೆ ಆಪರೇಷನ್ ಆದವರು. ಹತ್ತು ಗಂಟೆಯಿಂದ ಪಲ್ಸ್ 84ರಿಂದ 108 ಆಗಿದೆ, ಬಿಪಿ 126/74 ಇದ್ದದ್ದು 114/88. ಉಸಿರು 24, ಎಣಿಸಿದ್ದೇನೆ. ಬೆವರುತ್ತಿದ್ದಾರೆ, ಚಡಪಡಿಸುತ್ತಿದ್ದಾರೆ, ಎರಡು ಗಂಟೆಯಲ್ಲಿ ಮೂತ್ರ 30 ಎಂಎಲ್. ಒಳಗೆ ಬ್ಲೀಡಿಂಗ್ ಇರಬಹುದೆಂದು ನನ್ನ ಅನುಮಾನ. ನೀವು ಈಗ ಬಂದು ನೋಡಬೇಕು. ಬರುವಷ್ಟರಲ್ಲಿ ಹಿಮೋಗ್ಲೋಬಿನ್, ಕ್ರಾಸ್‌ಮ್ಯಾಚ್‌ಗೆ ರಕ್ತ ತೆಗೆದಿಡಲೇ?" ಅರ್ಧ ನಿಮಿಷವೂ ಬೇಕಾಗಿಲ್ಲ. ಈ ಹೊತ್ತಿನ ಸ್ಥಿತಿ, ಹಿನ್ನೆಲೆ, ನಿಮ್ಮ ತೀರ್ಮಾನ, ಬೇಡಿಕೆ, ಈ ನಾಲ್ಕು ತುಂಡುಗಳ ಕ್ರಮಕ್ಕೆ ಎಸ್‌ಬಿಎಆರ್ ಎಂದು ಹೆಸರು, ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ಹೊಸಬರು ಮೂರನೆಯ ತುಂಡನ್ನು ನುಂಗಿಬಿಡುತ್ತಾರೆ, "ಡಯಾಗ್ನೋಸಿಸ್ ಹೇಳಲು ನಾನ್ಯಾರು" ಎಂಬ ಸಂಕೋಚ. ಅನುಮಾನ ಎಂದು ಹೇಳಿ, ಯಾರೂ ಬೇಡ ಎನ್ನುವುದಿಲ್ಲ.

ಅವರು ಬಂದು ನೋಡಿ "ಏನೂ ಇಲ್ಲ" ಎಂದರೆ ಬೇಸರಪಡಬೇಡಿ, ಸುಮ್ಮನೆ ತಲೆಯಾಡಿಸಿ ಕಳಿಸಲೂ ಬೇಡಿ. "ಪಲ್ಸ್ ಎಷ್ಟಾದರೆ, ಬಿಪಿ ಎಷ್ಟಾದರೆ ಮತ್ತೆ ಕರೆಯಲಿ ಸರ್?" ಎಂದು ಕೇಳಿ. ಅವರು ಹೇಳಿದ ಅಂಕಿಯನ್ನೂ ಸಮಯವನ್ನೂ ಕೇಸ್ ಶೀಟ್‌ನಲ್ಲಿ ಬರೆದು, ಹದಿನೈದು ನಿಮಿಷಕ್ಕೆ ಮತ್ತೆ ಆ ಬೆಡ್‌ಗೆ ಹೋಗಿ.